ವಿಷವಿಲ್ಲದ ಬೇಸಾಯ: ಗದ್ದೆಗೂ ಲಾಭ, ಕಾಡಿಗೂ ಕ್ಷೇಮ

(ಹೆಬ್ರಿಯಲ್ಲಿ ಸೇರಿದ್ದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೇಸಾಯದ ಕೆಲಸವನ್ನು ಒಂದು ಹೊತ್ತು ಬದಿಗಿಟ್ಟು ತಾವೆಲ್ಲರೂ ಇಲ್ಲಿ ಸೇರಿದ್ದೀರಿ. ನಾನು ವಯಸ್ಸಿನಲ್ಲಿ ತಮಗಿಂತ ಕಿರಿಯ. ಕೃಷಿ ಡಿಪ್ಲೊಮಾ ಓದಿಕೊಂಡಿದ್ದೇನೆಯೇ ಹೊರತು, ಮೂವತ್ತು ನಲವತ್ತು ಮಳೆಗಾಲ ಕೆಸರು ತುಳಿದ ತಮಗೆ ಬೇಸಾಯ ಕಲಿಸುವಷ್ಟು ದೊಡ್ಡವನಲ್ಲ. ಆದುದರಿಂದ ಇಂದು ಉಪದೇಶ ಮಾಡುವುದಿಲ್ಲ; ಒಂದು ಲೆಕ್ಕವನ್ನು ತಮ್ಮ ಮುಂದೆ ಬಿಡಿಸಿಡುತ್ತೇನೆ. ಸರಿಯೆನಿಸಿದರೆ ಸ್ವೀಕರಿಸಿರಿ, ಸಂಶಯವಿದ್ದರೆ ಕೊನೆಯಲ್ಲಿ ಕೇಳಿರಿ.

ನಮ್ಮ ಕಡೆಯಲ್ಲಿ ಕೀಟಕ್ಕೂ ರೋಗಕ್ಕೂ ಕಳೆಗೂ ಹೊಡೆಯುವುದನ್ನೆಲ್ಲ "ಮದ್ದು" ಎಂದೇ ಕರೆಯುತ್ತೇವೆ. ಅಡಿಕೆಗೆ ಮದ್ದು ಬಿಡುತ್ತೇವೆ, ಭತ್ತಕ್ಕೆ ಮದ್ದು ಹೊಡೆಯುತ್ತೇವೆ, ತೋಟದ ಹುಲ್ಲಿಗೂ ಮದ್ದು ಹಾಕುತ್ತೇವೆ. ಮದ್ದೆಂದರೆ ಗುಣ ಮಾಡುವಂಥದು. ಆದರೆ ಅಂಗಡಿಯಿಂದ ತಂದ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿರಿ. ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕವಿರುತ್ತದೆ. ಚೌಕದ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ತೀವ್ರ ವಿಷ, ಹಳದಿಯಾಗಿದ್ದರೆ ತೀವ್ರ ವಿಷ, ನೀಲಿಯಾಗಿದ್ದರೆ ಮಧ್ಯಮ ವಿಷ, ಹಸುರಾಗಿದ್ದರೆ ಅಲ್ಪ ವಿಷ ಎಂದು ಅರ್ಥ. ನಾಲ್ಕು ಬಣ್ಣಗಳಲ್ಲಿ ಒಂದೂ "ವಿಷವಲ್ಲ" ಎಂದು ಹೇಳುವುದಿಲ್ಲ. ಈ ವಿಷವು ಕೀಟವೊಂದನ್ನೇ ಕೊಂದು ಸುಮ್ಮನಾಗುತ್ತದೆಯೇ ಎಂಬುದೇ ಇಂದಿನ ನನ್ನ ಪ್ರಶ್ನೆ.

ಸಂಬಳವಿಲ್ಲದ ಆಳುಗಳು

ಇಂದು ಆಳು ಸಿಗುವುದಿಲ್ಲ, ಸಿಕ್ಕಿದರೆ ಮಜೂರಿ ಪೂರೈಸುವುದಿಲ್ಲ ಎಂಬುದು ಎಲ್ಲರ ದೂರು. ಆದರೆ ಕರೆಯದೆಯೇ ಬಂದು, ಮಜೂರಿ ಕೇಳದೆ, ರಾತ್ರಿ ಹಗಲೆನ್ನದೆ ಗದ್ದೆಯಲ್ಲಿ ದುಡಿಯುವ ಆಳುಗಳಿದ್ದಾರೆ. ಅವರ ಪಟ್ಟಿಯನ್ನು ಮೊದಲು ಮಾಡೋಣ.

ನಾಟಿಯಾದ ಗದ್ದೆಯಲ್ಲಿ ಬಲೆ ಕಟ್ಟದೆ ನೀರಿನ ಮೇಲೆಯೂ ಪೈರಿನ ಬುಡದಲ್ಲಿಯೂ ಓಡಾಡುವ ಜೇಡವನ್ನು ತಾವು ಕಂಡಿದ್ದೀರಿ. ಫಿಲಿಪ್ಪೈನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರ ಪ್ರಕಾರ ಇಂತಹ ಒಂದು ಜೇಡ ದಿನಕ್ಕೆ 5ರಿಂದ 15 ಕೀಟಗಳನ್ನು ತಿನ್ನುತ್ತದೆ. ಗದ್ದೆಯ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯೂ ಬೇಟೆಗಾರನೇ. ಅದರ ಮರಿಗಳು ನೀರಿನಲ್ಲಿದ್ದುಕೊಂಡು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಆದುದರಿಂದ ಅದು ಮನೆಗೂ ಉಪಕಾರಿ.

ಕಪ್ಪೆಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಒಂದು ಕಾಲದಲ್ಲಿ ನಮ್ಮ ದೇಶದ ಗದ್ದೆಗಳ ದೊಡ್ಡ ಕಪ್ಪೆಗಳನ್ನು ಹಿಡಿದು, ಅವುಗಳ ಕಾಲುಗಳನ್ನು ಪರದೇಶಗಳಿಗೆ ಮಾರುತ್ತಿದ್ದರು. ಕಪ್ಪೆ ಕಡಿಮೆಯಾದಲ್ಲಿ ಹುಳ ಹೆಚ್ಚುತ್ತದೆ, ಹುಳ ಹೆಚ್ಚಿದಲ್ಲಿ ಕೀಟನಾಶಕಕ್ಕೆ ಹಣ ಹೋಗುತ್ತದೆ ಎಂಬ ಮಾತು ದೇಶದಲ್ಲಿ ಎದ್ದಿತು. 1987ರಲ್ಲಿ ಭಾರತ ಸರಕಾರವು ಈ ರಫ್ತನ್ನು ನಿಲ್ಲಿಸಿತು. ಕಪ್ಪೆಯ ಚರ್ಮ ಬಹಳ ತೆಳು, ನೀರಿನಲ್ಲಿರುವುದೆಲ್ಲ ಅದರ ಮೈಯೊಳಗೆ ಇಳಿಯುತ್ತದೆ. ನಾವು ಗದ್ದೆಗೆ ಎರಚಿದ ವಿಷವು ಮೊದಲು ತಾಗುವವರಲ್ಲಿ ಕಪ್ಪೆಯೂ ಅದರ ಗೊದಮೊಟ್ಟೆಯೂ ಸೇರಿವೆ.

ಇಲಿಯನ್ನು ಹಿಡಿಯಲು ಕೇರೆ ಹಾವಿದೆ, ಗೂಬೆಯಿದೆ. ವಿಷ ತಿಂದು ಓಲಾಡುವ ಇಲಿಯನ್ನು ಗೂಬೆ ಹಿಡಿದು ತಿಂದರೆ ಅದೂ ಸಾಯುವ ಅಪಾಯವುಂಟು. ಆಮೇಲೆ ಉಳಿದ ಇಲಿಗಳಿಗೆ ಹೇಳುವವರು ಕೇಳುವವರಿಲ್ಲ. ಸೌತೆ, ಕುಂಬಳ, ಹೀರೆ, ಹಾಗಲಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ; ತುಡುವೆ ಜೇನೋ ಮಿಸುರಿಯೋ ಹೂವಿಂದ ಹೂವಿಗೆ ಹೋಗದಿದ್ದರೆ ಮಿಡಿ ನಿಲ್ಲುವುದಿಲ್ಲ. ಬೆಳಗ್ಗೆ ಹೂವರಳಿದ ಹೊತ್ತಿನಲ್ಲಿ ಪಂಪು ಹಿಡಿದು ಹೋಗುವವನು ತನ್ನ ಕಾಯಿಯನ್ನು ತಾನೇ ಕೊಯ್ದು ಎಸೆದಂತೆ.

ಗೇರಿನ ಚಿಗುರನ್ನೂ ಹೂವನ್ನೂ ಕರಟಿಸುವ ಚಹಾಸೊಳ್ಳೆಯನ್ನು ತಾವು ಬಲ್ಲಿರಿ. ಅದನ್ನು ಹಿಡಿದು ತಿನ್ನುವುದು ಎಲೆಗಳನ್ನು ಹೊಲಿದು ಗೂಡು ಕಟ್ಟುವ ನಮ್ಮ ಚಗಳಿ ಇರುವೆ. ಆಸ್ಟ್ರೇಲಿಯದ ಉತ್ತರ ಭಾಗದ ಗೇರು ತೋಟಗಳಲ್ಲಿ ಇದೇ ಜಾತಿಯ ಇರುವೆಯನ್ನು ಸಾಕಿ ಕೀಟವನ್ನು ಹದ್ದಿನಲ್ಲಿಡುವ ಕ್ರಮವನ್ನು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ನಾವೋ ಗೂಡಿಗೆ ಬೆಂಕಿ ಕೊಡುತ್ತೇವೆ. ಕೊಯ್ಯುವಾಗ ಚಗಳಿ ಕಚ್ಚುತ್ತದೆ ಎಂಬುದು ನಿಜ. ಆದರೆ ಅದರ ಕಡಿತಕ್ಕಿಂತ ಕೀಟನಾಶಕದ ಬಿಲ್ಲಿನ ಉರಿ ಹೆಚ್ಚು.

ಆಟಿ ತಿಂಗಳಲ್ಲಿ ಗದ್ದೆಗೆ ಕಾಸರಕನ ಗೆಲ್ಲು ನೆಡುವ ಪದ್ಧತಿ ನಮ್ಮ ತುಳುನಾಡಿನಲ್ಲಿದೆ. ಪೈರಿಗೆ ಕಾಪು ಎಂದು ಹಿರಿಯರು ಅದನ್ನು ನೆಟ್ಟರು. ಆ ಗೆಲ್ಲಿನ ಮೇಲೆ ಹಕ್ಕಿ ಬಂದು ಕೂರುತ್ತದೆ, ಕುಳಿತಲ್ಲಿಂದ ಹುಳ ಹೆಕ್ಕುತ್ತದೆ. ಕೃಷಿ ಇಲಾಖೆಯವರು ಇಂದು "ಗದ್ದೆಯಲ್ಲಿ ಹಕ್ಕಿ ಕೂರಲು ಕವಲುಕೋಲು ನಿಲ್ಲಿಸಿ" ಎಂದು ಹೇಳುವುದೂ ಇದನ್ನೇ.

ವಿಷ ಹೊಡೆದಷ್ಟೂ ಹುಳ ಹೆಚ್ಚಿದ್ದು ಹೇಗೆ?

ವಿಷ ಹೊಡೆದರೆ ಕೀಟವೂ ಸಾಯುತ್ತದೆ, ಕೀಟವನ್ನು ತಿನ್ನುವ ಜೇಡವೂ ಸಾಯುತ್ತದೆ. ಆದರೆ ಕೀಟದ ಸಂತಾನ ಬೇಗ ಬೆಳೆಯುತ್ತದೆ, ಜೇಡದ ಸಂತಾನ ನಿಧಾನ. ಕಂದು ಜಿಗಿಹುಳುವಿನ ಮೊಟ್ಟೆ ದಂಟಿನೊಳಗೆ ಅಡಗಿರುವುದರಿಂದ ಅನೇಕ ವಿಷಗಳಿಗೆ ಅದು ಸಿಗುವುದೂ ಇಲ್ಲ. ಹದಿನೈದು ದಿನ ಕಳೆದು ನೋಡಿದರೆ ಶತ್ರು ಮತ್ತೆ ಹಾಜರಿದ್ದಾನೆ, ಕಾವಲುಗಾರನಿಲ್ಲ. ಆಗ ಇನ್ನೊಮ್ಮೆ ಹೊಡೆಯಬೇಕು. ಜೊತೆಗೆ ಯೂರಿಯಾ ಅತಿಯಾದರೆ ಪೈರು ಕಡು ಹಸುರಾಗಿ, ಮೆತ್ತಗಾಗಿ, ಜಿಗಿಹುಳುವಿಗೂ ಬೆಂಕಿರೋಗಕ್ಕೂ ಹಬ್ಬದೂಟವಾಗುತ್ತದೆ. ಹೀಗೆ ಒಂದು ಖರ್ಚು ಮತ್ತೊಂದು ಖರ್ಚನ್ನು ಕೈಹಿಡಿದು ಮನೆಯೊಳಗೆ ತರುತ್ತದೆ.

ಇಂಡೊನೇಶಿಯಾ ದೇಶದಲ್ಲಿ ನಡೆದುದೂ ಇದೇ. ಅಲ್ಲಿನ ಸರಕಾರವು ಕೀಟನಾಶಕವನ್ನು ಸಹಾಯಧನ ಕೊಟ್ಟು ಹಂಚುತ್ತಿತ್ತು. ಜಿಗಿಹುಳುವಿನ ಹಾವಳಿ ಮಾತ್ರ ಏರುತ್ತಲೇ ಹೋಯಿತು. ಕೊನೆಗೆ 1986ರಲ್ಲಿ ಅಲ್ಲಿನ ರಾಷ್ಟ್ರಾಧ್ಯಕ್ಷರು 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸಕೂಡದೆಂದು ಆಜ್ಞೆ ಹೊರಡಿಸಿದರು. ಸಹಾಯಧನವನ್ನೂ ಕ್ರಮೇಣ ನಿಲ್ಲಿಸಿ, ಗದ್ದೆಯ ಹುಣಿಯಲ್ಲೇ ರೈತರಿಗೆ ಪಾಠಶಾಲೆ ನಡೆಸಿದರು. ಯಾವುದು ಮಿತ್ರ ಕೀಟ, ಯಾವುದು ಶತ್ರು ಕೀಟ ಎಂದು ಎಣಿಸಿ ನೋಡಿದ ಮೇಲೆಯೇ ಮುಂದಿನ ಕ್ರಮ. ಭತ್ತದ ಬೆಳೆ ಇದರಿಂದ ಕುಗ್ಗಲಿಲ್ಲ. ಕುಗ್ಗಿದ್ದು ವಿಷದ ಖರ್ಚು.

ಪಡ್ರೆಯ ಪಾಠ

ದೂರದ ದೇಶದ ಮಾತು ಬೇಡವೆನ್ನುವವರು ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವನ್ನು ನೋಡಬೇಕು. ನಮ್ಮಂತೆಯೇ ತುಳು, ಕನ್ನಡ ಮಾತನಾಡುವ ಜನ. ನಮ್ಮಂತೆಯೇ ಅಡಿಕೆ ತೋಟ, ಗುಡ್ಡ, ತೋಡು. ಆ ಜಿಲ್ಲೆಯ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ಹಬ್ಬಿದ್ದವು. ನಾನು ಈಗ ಹೇಳಿದ ಅದೇ ಚಹಾಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ವಿಷವನ್ನು ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಸುರಿಸಿದರು. ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ತೊಳೆದು ತೋಡಿಗೆ, ಬಾವಿಗೆ, ತಗ್ಗಿನ ಮನೆಗಳಿಗೆ ಇಳಿಯಿತು.

ಮೊದಲು ಸೂಚನೆ ಕೊಟ್ಟವರು ಮೂಕ ಜೀವಿಗಳು. ಜೇನು ಪೆಟ್ಟಿಗೆಗಳು ಬರಿದಾದವು, ತೋಡಿನ ಮೀನೂ ಕಪ್ಪೆಯೂ ಸತ್ತವು, ಅಂಗವಿಕಲ ಕರುಗಳು ಹುಟ್ಟಿದವು. ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಇದನ್ನು ಬರೆದು ಎಚ್ಚರಿಸಿದರು. ಆಮೇಲೆ ಮಕ್ಕಳ ಸರದಿ ಬಂದಿತು. ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು ಮನೆ ಮನೆಯಲ್ಲಿ ಕಂಡ ಕಾಯಿಲೆಗಳನ್ನು ಹೊರಲೋಕಕ್ಕೆ ತಿಳಿಸಿದರು. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ 1998ರಲ್ಲಿ ನ್ಯಾಯಾಲಯಕ್ಕೆ ಹೋದರು. 2000ದ ಹೊತ್ತಿಗೆ ಹೆಲಿಕಾಪ್ಟರಿನ ಸಿಂಪಡಣೆ ನಿಂತಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನಿಗೆ ತಡೆಯಾಜ್ಞೆ ಕೊಟ್ಟಿತು. 2017ರಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿಯೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ಎಂಡೋಸಲ್ಫಾನ್ ಬಾಧಿತರನ್ನು ಸರಕಾರ ಗುರುತಿಸಿ ಮಾಸಾಶನ ಕೊಡುತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆಯಂತಾಯಿತು.

ಒಂದು ಮಾತನ್ನು ಗಮನಿಸಿರಿ. ಆ ವಿಷ ಕಳ್ಳದಾರಿಯಲ್ಲಿ ಬಂದುದಲ್ಲ. ಸರಕಾರದ ಅನುಮತಿಯಿಂದಲೇ ಮಾರಾಟವಾಗುತ್ತಿದ್ದುದು. ಭತ್ತಕ್ಕೂ ಬಾಳೆಗೂ ನಾವು ಮುಷ್ಟಿಯಲ್ಲಿ ಹಿಡಿದು ಹಾಕುತ್ತಿದ್ದ ಫೋರೇಟ್ ಹರಳೂ ಹಾಗೆಯೇ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಅಂಗಡಿಯಲ್ಲಿ ಸಿಗುತ್ತದೆ ಎಂಬ ಮಾತ್ರಕ್ಕೆ ನಿರಪಾಯವೆಂದು ನಂಬಕೂಡದು.

ನಾವು ಹೊಳೆಯ ತಲೆಯಲ್ಲಿದ್ದೇವೆ

ಹೆಬ್ರಿ, ನಾಡ್ಪಾಲು, ಕಬ್ಬಿನಾಲೆ, ಮುದ್ರಾಡಿ, ವರಂಗ, ಚಾರ, ಶಿವಪುರ, ಕುಚ್ಚೂರು — ನಮ್ಮ ಗ್ರಾಮಗಳು ಇರುವುದು ಆಗುಂಬೆ ಘಾಟಿಯ ಬುಡದಲ್ಲಿ. ಮೇಲೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಪಕ್ಕದಲ್ಲಿ 1974ರಲ್ಲಿ ಘೋಷಣೆಯಾದ ಸೋಮೇಶ್ವರ ಅಭಯಾರಣ್ಯ, ಅದರಾಚೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸಿಂಗಳೀಕ, ಕಾಟಿ, ಕಡವೆ, ಮಂಗಟ್ಟೆ ಹಕ್ಕಿ ಇವೆಲ್ಲ ನಮ್ಮ ನೆರೆಯವರು. ಕಾಡಿಗೂ ಗದ್ದೆಗೂ ನಡುವೆ ಗೋಡೆಯಿಲ್ಲ. ಕಾಡಿನ ತೊರೆ ನಮ್ಮ ತೋಟದಲ್ಲಿ ಹಾಯ್ದು ಸೀತಾನದಿಗೆ ಸೇರುತ್ತದೆ. ಮೊದಲ ಮಳೆಗೆ ಹೊಳೆಯ ಮೀನು ತೋಡು ಹಿಡಿದು ಗದ್ದೆಗೆ ಹತ್ತಿ ಬರುವುದು ಮೊಟ್ಟೆಯಿಡಲೆಂದು. ಆ ನೀರಿನಲ್ಲಿ ಕಳೆನಾಶಕವೋ ಕೀಟನಾಶಕವೋ ಇದ್ದರೆ ಒಂದು ವರ್ಷದ ಸಂತಾನವೇ ಹೋಯಿತು. ಮೀನು ಹೋದರೆ ಹೊಳೆಯ ನೀರುನಾಯಿಗೂ ಉಪವಾಸ, ನಮ್ಮ ಊಟದ ಬಟ್ಟಲಿಗೂ ಉಪವಾಸ. ಇಲ್ಲಿ ತೊಳೆದು ಬಿಟ್ಟ ನೀರನ್ನೇ ಕೆಳಗಿನ ಬಾರ್ಕೂರಿನವರೆಗಿನ ಜನ ಬಳಸುತ್ತಾರೆ. ಇಷ್ಟು ಮಳೆ ಬೀಳುವಲ್ಲಿ ಒಮ್ಮೆಗೆ ಎರಚಿದ ಯೂರಿಯಾದ ಬಹುಭಾಗವೂ ಹೊಳೆಗೇ. ಹಣ ಕೊಟ್ಟು ಕೊಂಡ ಗೊಬ್ಬರವನ್ನು ಸಮುದ್ರಕ್ಕೆ ಕಳುಹಿಸುವುದರಲ್ಲಿ ಯಾವ ಲಾಭವಿದೆ?

ಆಕ್ಷೇಪಗಳು ಮತ್ತು ಸಮಾಧಾನ

"ಗೊಬ್ಬರ, ಮದ್ದು ಎರಡನ್ನೂ ಬಿಟ್ಟರೆ ಫಸಲು ಬೀಳುವುದಿಲ್ಲವೇ?" ಎಂದು ಕೇಳುವಿರಿ. ಒಮ್ಮೆಗೇ ಎಲ್ಲವನ್ನೂ ಬಿಟ್ಟರೆ ಬೀಳಬಹುದು. 2021ರಲ್ಲಿ ಶ್ರೀಲಂಕಾ ಸರಕಾರವು ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ಏಕಾಏಕಿ ನಿಲ್ಲಿಸಿತು. ಸಾವಯವ ಗೊಬ್ಬರ ಸಿದ್ಧವಿರಲಿಲ್ಲ, ರೈತರಿಗೆ ತಯಾರಿಯಿರಲಿಲ್ಲ. ಭತ್ತದ ಬೆಳೆ ಇಳಿದು, ಅಕ್ಕಿಯನ್ನು ಹೊರಗಿಂದ ತರಿಸಬೇಕಾಯಿತು. ಕೆಲವೇ ತಿಂಗಳಲ್ಲಿ ಆಜ್ಞೆಯನ್ನು ಹಿಂದೆ ಪಡೆದರು. ಆದುದರಿಂದ ನನ್ನ ಸಲಹೆ ಇಷ್ಟೇ: ಮೊದಲು ವಿಷವನ್ನು ಬಿಡಿರಿ, ಗೊಬ್ಬರವನ್ನು ಮಣ್ಣು ಬಲಿತಂತೆ ಕಡಿಮೆ ಮಾಡಿರಿ, ಇಡೀ ಜಮೀನಲ್ಲ, ಒಂದು ಗದ್ದೆಯಿಂದ ಆರಂಭಿಸಿರಿ.

"ಸೊಪ್ಪು, ತರಗೆಲೆ ಎಲ್ಲಿಂದ ತರುವುದು?" ಇದು ಗಂಭೀರವಾದ ಪ್ರಶ್ನೆ. ಕುಮ್ಕಿಯನ್ನೂ ಕಾಡನ್ನೂ ಬೋಳಿಸಿ ಮಾಡುವ ಸಾವಯವ ಬೇಸಾಯದಿಂದ ಕಾಡಿಗೆ ಉಪಕಾರವಿಲ್ಲ. ಸೊಪ್ಪನ್ನು ನಮ್ಮ ಜಮೀನಿನಲ್ಲೇ ಬೆಳೆಯಬೇಕು. ಬೇಲಿಯ ಸಾಲಿಗೆ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡದ ಕೋಲು ಊರಿರಿ; ಮಳೆಗೆ ತಾನೇ ಚಿಗುರುತ್ತದೆ. ನಾಟಿಗೆ ಮೊದಲು ಡಯಾಂಚ ಅಥವಾ ಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಗುಚಿರಿ. ಕೊಯ್ಲಾದ ಗದ್ದೆಯನ್ನು ಬರಿದಾಗಿ ಬಿಡದೆ ಉದ್ದು, ಹೆಸರು, ಹುರುಳಿ ಹಾಕಿರಿ. ಮನೆಗೆ ಬೇಳೆ, ಹಟ್ಟಿಗೆ ಮೇವು, ಮಣ್ಣಿಗೆ ಸಾರಜನಕ. ಹಟ್ಟಿಗೊಬ್ಬರದ ಗುಂಡಿಗೆ ಮಾಡು ಹಾಕಿರಿ. ಮಳೆಗೆ ತೊಳೆದ ಗೊಬ್ಬರದಲ್ಲಿ ಸಾರವಿರುವುದಿಲ್ಲ. ನಮ್ಮದು ಹುಳಿ ಮಣ್ಣು. ಪರೀಕ್ಷೆ ಮಾಡಿಸಿ ಸುಣ್ಣ ಕೊಟ್ಟರೆ ಇದ್ದ ಗೊಬ್ಬರವೇ ಹೆಚ್ಚು ಕೆಲಸ ಮಾಡುತ್ತದೆ. ಮಣ್ಣು ಪರೀಕ್ಷೆಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವಿದೆ.

"ಅಡಿಕೆಯ ಕೊಳೆರೋಗಕ್ಕೆ ಏನು ಮಾಡುವುದು?" ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣವನ್ನು ಬಿಡಿ ಎಂದು ಹೇಳಿದರೆ ತಾವು ನನ್ನನ್ನು ಊರೊಳಗೆ ಸೇರಿಸಲಾರಿರಿ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ಈ ಕ್ರಮವನ್ನು ಸಾವಯವ ಬೇಸಾಯದಲ್ಲಿಯೂ ಮಿತಿಯೊಳಗೆ ಒಪ್ಪುತ್ತಾರೆ. ಆದರೆ ತಾಮ್ರವು ಮೀನಿಗೆ ವಿಷ. ಆದುದರಿಂದ ಅಳತೆ ಮೀರಕೂಡದು: 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ತಾಮ್ರ ಹೆಚ್ಚಾಗಿದೆಯೆಂದು ತಿಳಿದು ಸುಣ್ಣದ ನೀರು ಸೇರಿಸಿರಿ. ಮಳೆ ಹಿಡಿಯುವ ಮೊದಲೇ ಗೊನೆಗೆ ಮಾತ್ರ ತಾಗುವಂತೆ ಬಿಡಿರಿ. ಪಾತ್ರೆ, ಪಂಪುಗಳನ್ನು ತೋಡಿನಲ್ಲಿ ತೊಳೆಯಲೇಬಾರದು. ತೋಟದ ಬಸಿಗಾಲುವೆಯನ್ನು ಬಿಡಿಸಿಟ್ಟು, ಬಿದ್ದ ಕೊಳೆ ಅಡಿಕೆಯನ್ನು ಹೆಕ್ಕಿ ಸುಟ್ಟರೆ ರೋಗದ ಅರ್ಧ ದಾರಿ ಮುಚ್ಚಿದಂತೆ.

"ಕಾಡುಪ್ರಾಣಿಗಳೇ ನಮ್ಮ ಬೆಳೆ ತಿನ್ನುವಾಗ ಅವುಗಳಿಗೆ ಕ್ಷೇಮ ಬಯಸುವುದು ಹೇಗೆ?" ಇದು ಎಲ್ಲರ ಮನಸ್ಸಿನಲ್ಲಿರುವ ಮಾತು. ಮಂಗ, ಹಂದಿ, ಕಾಟಿ, ನವಿಲುಗಳ ಉಪದ್ರವ ಸುಳ್ಳಲ್ಲ. ವಿಷವಿಲ್ಲದ ಬೇಸಾಯದಿಂದ ಅವು ಬರುವುದು ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಆದರೆ ವಿಷ ಹೊಡೆದುದರಿಂದಲೂ ಅವು ನಿಂತಿಲ್ಲ. ಹಲಸಿನ ಹಣ್ಣಿನಲ್ಲಿ ವಿಷವಿಟ್ಟರೆ ಹಂದಿಯ ಜೊತೆಗೆ ನಮ್ಮ ದನವೂ ನಾಯಿಯೂ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಶಿಕ್ಷಾರ್ಹ ಅಪರಾಧವೂ ಹೌದು. ಬೇಲಿ, ನಾಲ್ಕು ಮನೆಯವರು ಸರದಿಯಲ್ಲಿ ಮಾಡುವ ಕಾವಲು, ನಷ್ಟವಾದಾಗ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಡಮಾಡದೆ ಪರಿಹಾರದ ಅರ್ಜಿ: ಇವೇ ಸರಿಯಾದ ದಾರಿ. ಅರ್ಜಿ ಬರೆಯಲು ನನ್ನನ್ನು ಯಾವ ಹೊತ್ತಿಗೂ ಕರೆಯಬಹುದು.

ಬೆಲೆ ಸಿಗುವ ದಾರಿ

ವಿಷವಿಲ್ಲದೆ ಬೆಳೆದ ಕುಚ್ಚಲಕ್ಕಿಯನ್ನು ಒಬ್ಬೊಬ್ಬರಾಗಿ ಸಂತೆಗೆ ಒಯ್ದರೆ ಯಾರೂ ನಂಬುವುದಿಲ್ಲ, ಹೆಚ್ಚಿನ ಬೆಲೆಯನ್ನೂ ಕೊಡುವುದಿಲ್ಲ. ನಂಬಿಕೆಗೆ ಗುಂಪು ಬೇಕು. ಕೇಂದ್ರ ಸರಕಾರದ ಪಿ.ಜಿ.ಎಸ್. ಎಂಬ ಪದ್ಧತಿಯಲ್ಲಿ ಒಂದೇ ಊರಿನ ಐದು ಅಥವಾ ಹೆಚ್ಚು ರೈತರು ಸೇರಿ, ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿ, ಸಾವಯವವೆಂದು ಪ್ರಮಾಣ ಮಾಡಿಕೊಳ್ಳಬಹುದು. ನೆರೆಯವನ ಕಣ್ಣಿಗಿಂತ ದೊಡ್ಡ ಇನ್ಸ್ಪೆಕ್ಟರ್ ಇಲ್ಲ. ಊರಿನ ಹೆಸರಿಗೆ ಬೆಲೆಯಿದೆ ಎಂಬುದಕ್ಕೆ ಕಾಪು ಕಡೆಯ ಮಟ್ಟುಗುಳ್ಳ ಸಾಕ್ಷಿ. ಬೆಳೆಗಾರರು ಒಟ್ಟಾದುದರಿಂದ 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ಊರಿನ ಹಳೆಯ ಬೀಜಕ್ಕೂ ಮಾನವಿದೆ. ಕಾಸರಗೋಡಿನ ರೈತ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದರು. ಅವರು ಆರಂಭಿಸಿದ್ದು ರಾಜಕಯಮೆ ಎಂಬ ಒಂದೇ ತಳಿಯಿಂದ.

ಈ ವರ್ಷ ಮಾಡತಕ್ಕ ಕೆಲಸ

1. ಏಣೆಲಿನಲ್ಲಿ ಒಂದು ಗದ್ದೆಯನ್ನು ವಿಷವಿಲ್ಲದೆ ಬೆಳೆಯಿರಿ. ಪಕ್ಕದ ಗದ್ದೆಯನ್ನು ಎಂದಿನಂತೆ ಮಾಡಿರಿ.

2. ವಾರಕ್ಕೊಮ್ಮೆ ಗದ್ದೆಗಿಳಿದು, ಹತ್ತು ಬುಡಗಳನ್ನು ಬಗ್ಗಿಸಿ ನೋಡಿ, ಹುಳವೆಷ್ಟು ಜೇಡವೆಷ್ಟು ಎಂದು ಎಣಿಸಿರಿ. ಎಲೆ ಕತ್ತರಿಸಿ ಕೊಳವೆ ಮಾಡಿಕೊಳ್ಳುವ ಹುಳ ಕಂಡರೆ, ಪೈರಿನ ಮೇಲೆ ಹಗ್ಗ ಎಳೆದು, ನೀರನ್ನು ಎರಡು ಮೂರು ದಿನ ಬಸಿದು ಬಿಡಿರಿ. ನೀರಿಲ್ಲದೆ ಆ ಹುಳ ಬದುಕದು.

3. ಹಕ್ಕಿ ಕೂರುವ ಗೆಲ್ಲು ನೆಡಿರಿ. ಹುಣಿಯ ಹುಲ್ಲನ್ನು ಕತ್ತಿಯಿಂದ ಕೊಯ್ದು ದನಕ್ಕೆ ಹಾಕಿರಿ, ಕಳೆನಾಶಕ ಬೇಡ.

4. ತೋಡಿನ ಎರಡು ದಡದಲ್ಲಿ ಯಾರೂ ಏನನ್ನೂ ಸಿಂಪಡಿಸಕೂಡದೆಂದು ಊರವರೇ ಸೇರಿ ನಿಶ್ಚಯಿಸಿರಿ.

5. ಎರಡು ಗದ್ದೆಗಳ ಖರ್ಚು, ಫಸಲುಗಳನ್ನು ಒಂದು ಪುಸ್ತಕದಲ್ಲಿ ಎರಡು ಬದಿಗೆ ಬರೆದಿಡಿರಿ. ಮನೆಯ ತಾಯಂದಿರು ಈ ಲೆಕ್ಕವನ್ನು ಹಿಡಿದರೆ ಒಂದು ಕಾಸೂ ತಪ್ಪುವುದಿಲ್ಲವೆಂಬ ಭರವಸೆ ನನಗಿದೆ.

ಕೊಯ್ಲಿನ ಮೇಲೆ ಎಷ್ಟು ಮುಡಿ ಭತ್ತ ಬಂದಿತೆಂದು ಮಾತ್ರ ನೋಡದೆ, ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯಿತೆಂದು ನೋಡಿರಿ. ಉಳಿದ ಹಣವೇ ನಿಜವಾದ ಫಸಲು. ಒಂದು ಗದ್ದೆಯ ಲೆಕ್ಕ ಸರಿಹೋದರೆ ಮುಂದಿನ ವರ್ಷ ಎರಡು ಗದ್ದೆ ಮಾಡಿರಿ. ಸರಿಹೋಗದಿದ್ದರೆ ಏಕೆಂದು ಕೂಡಿ ವಿಚಾರಿಸೋಣ. ಐದು ಮಂದಿಯ ಹೆಸರು ಬಂದರೆ ಮುಂದಿನ ವಾರವೇ ಗುಂಪಿನ ಕಾಗದಪತ್ರಗಳನ್ನು ಸಿದ್ಧಪಡಿಸುವ ಹೊಣೆ ನನ್ನದು. ಈಗ ತಮ್ಮ ಪ್ರಶ್ನೆಗಳನ್ನು ಕೇಳಬೇಕಾಗಿ ವಿನಂತಿ.